ಅರ್ಧ ರೇಟಿನ ಗೈಡು, ಪೂರ್ತಿ ಕುರಿ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯೊಂದಿದೆ. ಅದರ ಪಿಂಗಾಣಿ ಮುಚ್ಚಳ ಹೋದ ವರ್ಷ ಒಡೆಯಿತು. ಈಗ ಅದರ ಬಾಯಿಗೆ ಅಂಗೈಯಗಲದ ಕಪ್ಪು ಮುಚ್ಚಳವೊಂದು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ. ಎರಡು ಬದಿಯ ಗುಂಡಿ ಒತ್ತಿದರೆ ಬಿಡುತ್ತದೆ, ಕೈ ತೆಗೆದರೆ ಟಕ್ಕೆಂದು ಹಿಡಿಯುತ್ತದೆ, ಇರುವೆ ಹತ್ತಿರ ಸುಳಿಯುವುದಿಲ್ಲ. ಹೊಸತು ಕೊಳ್ಳಹೋದರೆ ಅದೊಂದರ ಬೆಲೆಗೆ ಇಂಥ ನಾಲ್ಕು ಭರಣಿ ಬರುತ್ತವೆ, ಒಳಗಿನ ಮಿಡಿಯ ಸಮೇತ. ಅದು ಕ್ಯಾಮೆರಾ ಲೆನ್ಸಿನ ಮುಚ್ಚಳ.

ಮೊನ್ನೆ ಬೆಳಿಗ್ಗೆ ಬ್ರಹ್ಮಾವರದಿಂದ ಫೋನು. ಆ ಲೆನ್ಸನ್ನು ನನ್ನಿಂದ ಕೊಂಡವರು.

"ಹ್ವಾಯ್, ಲೆನ್ಸಿನ ಮುಚ್ಚಳ ನಿಮ್ಮಲ್ಲೇ ಉಳ್ದಿತ್ತಾ?"

"ಉಳ್ದಿತ್ತ್. ಆರೆ ಅದ್ ಈಗ ಬೇರೆ ಕೆಲ್ಸಕ್ಕ್ ಸೇರಿತ್ತ್" ಎಂದೆ.

ಹಿಂದಿನಿಂದ ನನ್ನ ಹೆಂಡತಿ ಗಿರಿಜಾ, "ಕೊಟ್ರೆ ಕಾಣಿ ಮತ್ತೆ" ಎಂದಳು. ಯಾರಿಗೆ ಹೇಳಿದ್ದೆಂದು ಸಂಶಯವೇ ಇರಲಿಲ್ಲ. ಲೆನ್ಸು ಮಾರುವಾಗ ಮುಚ್ಚಳದ ಮಾತು ಬಂದಿರಲಿಲ್ಲ, ಮಾತು ಬಾರದ್ದು ವ್ಯಾಪಾರದಲ್ಲಿ ಸೇರುವುದಿಲ್ಲ ಎಂದು ಅವರಿಗೆ ತಿಳಿಹೇಳಿ ಫೋನಿಟ್ಟೆ. ಆದರೆ ಮುಚ್ಚಳ ನೋಡುತ್ತ ನೋಡುತ್ತ ಎಲ್ಲ ನೆನಪಾಯಿತು. ಕೂತುಕೊಳ್ಳಿ, ಹೇಳುತ್ತೇನೆ. ನಿಮಗೂ ಉಪಯೋಗಕ್ಕೆ ಬೀಳುವ ವಿಷಯ.

ನನ್ನದು ತಲ್ಲೂರಿನಲ್ಲಿ ಹೈವೇ ಬದಿಯಲ್ಲೇ ಹಳೆ ಸಾಮಾನಿನ ಅಂಗಡಿ. ಮುಚ್ಚಿದ ಹೋಟೆಲು, ಮುಚ್ಚಿದ ಕ್ಲಿನಿಕ್ಕು, ಮುಚ್ಚಿದ ಟೈಲರಿಂಗ್ ಕ್ಲಾಸು, ಯಾವುದೇ ಇರಲಿ, ಹೋಗಿ ಬಾಗಿಲಲ್ಲಿ ನಿಂತು ಒಂದು ನೋಟ ನೋಡಿ "ಒಟ್ಟು ಲಾಟಿಗೆ ಇಷ್ಟು" ಎನ್ನುವುದು ನನ್ನ ಕೆಲಸ. ಒಂದೊಂದನ್ನೇ ಎತ್ತಿ ನೋಡಿ ಬೆಲೆ ಕೇಳಬಾರದು. ಎತ್ತಿದ ವಸ್ತುವಿನ ಬೆಲೆ ಎತ್ತಿದ ಕ್ಷಣವೇ ಏರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ.

ಚೌಕಾಸಿ ನನಗೆ ಅಮ್ಮನಿಂದ ಬಂದ ವಿದ್ಯೆ. ನಾನು ನಿಕ್ಕರಿನಲ್ಲಿದ್ದಾಗ ಅಮ್ಮ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಂಗುಡೆಯ ಕಿವಿರು ಎತ್ತಿ ನೋಡಿ, ಅರ್ಧ ಬೆಲೆ ಹೇಳಿ, ಎದ್ದು, ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ನನ್ನ ಕೆಲಸ ಹೆಜ್ಜೆ ಎಣಿಸುವುದು. ಸಾಮಾನ್ಯವಾಗಿ ಏಳನೇ ಹೆಜ್ಜೆಗೆ ಹಿಂದಿನಿಂದ "ಹ್ವಾಯ್, ಬನಿ ಇಲ್ಲಿ" ಎಂಬ ಕೂಗು ಬರುತ್ತಿತ್ತು. ಒಂದು ದಿನ ಬರಲಿಲ್ಲ. ಅಮ್ಮ ತಿರುಗಿ ನೋಡುವ ಹೆಂಗಸಲ್ಲ. ಹಾಗೇ ನಡೆದು ನಾವು ಮನೆಗೇ ಬಂದೆವು. ಆ ಮಧ್ಯಾಹ್ನ ಹುರುಳಿಸಾರು ಉಣ್ಣುವಾಗ ಅಮ್ಮ, "ಕಂಡ್ಯಾ? ನಾನ್ ಬಗ್ಗಲಿಲ್ಲೆ" ಎಂದಳು. ಗೆದ್ದವರ ಮನೆಯಲ್ಲಿ ಯಾಕೆ ಮೀನಿಲ್ಲ ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಆ ವಿದ್ಯೆಯಿಂದ ನಾನು ಕಟ್ಟಿದ ಮನೆಯಲ್ಲಿ ಒಂದೇ ಒಂದು ವಸ್ತು ಖಾಲಿ ಉಳಿದಿತ್ತು. ಅದು ಎರಡಡಿ ಅಗಲ ಮೂರಡಿ ಉದ್ದದ ತೇಗದ ಚೌಕಟ್ಟು. ಗಿರಿಜಾಳ ಅಪ್ಪ ನಮ್ಮ ಮದುವೆಯ ಪಟಕ್ಕೆಂದು ಆಚಾರಿಯನ್ನು ಮನೆಯಲ್ಲಿ ಕೂರಿಸಿಕೊಂಡು ಮಾಡಿಸಿ ಕೊಟ್ಟದ್ದು. ಮದುವೆಯ ಫೋಟೋಗ್ರಾಫರ್ ಒಂದು ರೇಟು ಹೇಳಿದ್ದ. ನಾನು ಸರಿಯಾಗಿ ಅದರ ಅರ್ಧ ಕೇಳಿದೆ. ಅವನು ಥಟ್ಟನೆ "ಅಕ್ಕ್" ಎಂದ. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ಥಟ್ಟನೆ ಒಪ್ಪಿದವನನ್ನು ಯಾವ ಕಾಲಕ್ಕೂ ನಂಬಬೇಡಿ. ಆಲ್ಬಮ್ ಬಂದಾಗ ನೋಡಿದರೆ ಪ್ರತಿ ಪಟದಲ್ಲೂ ಒಬ್ಬರೇ. ಧಾರೆಯಲ್ಲಿ ನಾನೊಬ್ಬ, ಆರತಿಯಲ್ಲಿ ಅವಳೊಬ್ಬಳು. ತಾಳಿ ಕಟ್ಟುವ ಪಟದಲ್ಲಿ ಅವಳ ಕುತ್ತಿಗೆ ಇದೆ, ಆಚೆಯಿಂದ ಬಂದ ಎರಡು ಕೈಗಳಿವೆ, ಕೈಗಳ ಯಜಮಾನನಿಲ್ಲ.

"ಎಂತ ಮರಾಯಾ ಇದ್?"

"ಅರ್ಧ ರೇಟಲ್ದಾ? ಒಂದ್ ಪಟಕ್ಕ್ ಒಬ್ರೇ."

ಹಾಗಾಗಿ ಆ ತೇಗದ ಚೌಕಟ್ಟಿನೊಳಗೆ ಮೂವತ್ತು ವರ್ಷ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಸೂರ್ಯಾಸ್ತ ನಡೆಯುತ್ತಲೇ ಇತ್ತು. ಗಿರಿಜಾ ಬೈಯುತ್ತಿರಲಿಲ್ಲ. ಶನಿವಾರ ಶನಿವಾರ ಅದರ ಧೂಳು ಒರೆಸುತ್ತಿದ್ದಳು, ನಾನು ಮನೆಯಲ್ಲಿರುವ ಹೊತ್ತು ನೋಡಿ.

ಇನ್ನು ಲೆನ್ಸಿನ ವಿಷಯ. ಬೈಂದೂರಿನಲ್ಲಿ ಒಂದು ಮದುವೆ ಸ್ಟುಡಿಯೋ ಮುಚ್ಚಿತು. ನಾನು ಲಾಟಿಗೆ ಕೊಂಡೆ. ಎರಡು ಛತ್ರಿ ದೀಪ, ಜಲಪಾತ ಬರೆದ ಪರದೆ, ಕೈ ಮುರಿದ ಸಿಂಹಾಸನ, ಇವುಗಳ ಹಿಂದೆ ಒಂದು ಕಪ್ಪು ಸೂಟ್‌ಕೇಸು. ಮನೆಗೆ ತಂದು ತೆರೆದರೆ ಒಳಗೆ ಸ್ಪಂಜಿನ ಹಾಸಿಗೆಯ ಮೇಲೆ ಒಂದು ಕ್ಯಾಮೆರಾ, ಪಕ್ಕದಲ್ಲಿ ಬಾಳೆದಿಂಡಿನಷ್ಟು ದೊಡ್ಡ ಲೆನ್ಸು. ಸ್ಟುಡಿಯೋದವನು ಮದುವೆ ಬಿಟ್ಟು ಹಕ್ಕಿಗಳ ಹಿಂದೆ ಬಿದ್ದದ್ದೇ ಅಂಗಡಿ ಮುಚ್ಚಲು ಕಾರಣ ಎಂದು ಆಮೇಲೆ ತಿಳಿಯಿತು. ಹತ್ತಿರದ್ದನ್ನು ತೆಗೆಯುವ ಸಣ್ಣ ಲೆನ್ಸುಗಳನ್ನೆಲ್ಲ ಮೊದಲೇ ಮಾರಿದ್ದ. ಉಳಿದದ್ದು ದೂರದ್ದೊಂದೇ.

ಮಾರುವ ಮೊದಲು ವಸ್ತುವಿನ ಗುಣ ತಿಳಿಯಬೇಕಲ್ಲ? ತ್ರಾಸಿಯ ಕಡಲಬದಿಗೆ ಒಯ್ದು ಮರವಂತೆಯ ಕಡೆಗೆ ಕಣ್ಣಿಟ್ಟೆ. ಅಷ್ಟರಲ್ಲಿ ನನ್ನ ಗೆಳೆಯ ಶೀನ ಫೋನ್ ಮಾಡಿ, ಮಂಗಳೂರಿನಲ್ಲಿದ್ದೇನೆ, ಸಂಜೆಗೆ ಬರಲಾಗುವುದಿಲ್ಲ ಎಂದ. ನಾನು ಲೆನ್ಸಿನಲ್ಲಿ ನೋಡುತ್ತಲೇ ಇದ್ದೆ. "ಶೀನ, ಅದ್ ಎರಡ್ನೇ ಗೋಳಿಬಜೆ. ಚಟ್ನಿ ಅಂಗಿಗೆ ಬಿತ್ತ್, ಕಾಣ್" ಎಂದೆ. ಒಂದು ಕಿಲೋಮೀಟರ್ ಆಚೆಯ ಗಾಡಿಯ ಮುಂದೆ ನಿಂತಿದ್ದ ಶೀನ ಮೊದಲು ಅಂಗಿ ನೋಡಿಕೊಂಡ. ಆಮೇಲೆ ಆಕಾಶ ನೋಡಿದ. ಅಂದಿನಿಂದ ಅವನು ನನ್ನೊಡನೆ ಸುಳ್ಳು ಹೇಳಿಲ್ಲ. ಇಂಥ ಯಂತ್ರವನ್ನು ಯಾರು ಮಾರುತ್ತಾರೆ?

ಗಿರಿಜಾ ಮಾತ್ರ ಬೇರೆ ದಾರಿ ಹಿಡಿದಳು. ಸೂಟ್‌ಕೇಸಿನ ಮುಂದೆ ಕೂತು, ಲೆನ್ಸನ್ನು ನೋಡಿ, ಗೋಡೆಯ ಚೌಕಟ್ಟನ್ನು ನೋಡಿ, ತೀರ್ಮಾನ ಹೇಳಿದಳು.

"ಈ ಫ್ರೇಮಿಗೆ ನಾವಿಬ್ರು ಒಟ್ಟಿಗ್ ಇಪ್ಪ ಒಂದ್ ಪಟ ಬರ್ಕ್. ಎಲ್ಲಾದ್ರೂ ಒಳ್ಳೆ ಜಾಗಕ್ಕ್ ಹೋಪ, ತೆಗಿನಿ. ಪಟ ಬಂದ್ರೆ ಈ ಪೆಟ್ಟಿಗೆ ಇರ್ಲಿ. ಬರ್ಲಿಲ್ಲೆ ಅಂದ್ರೆ ತಿರುಗಿ ಬಂದ ಮಾರ್ನೆ ದಿನ ಅದ್ ಅಂಗಡಿಗೆ."

"ಫೋನಲ್ಲಿ ತೆಗೆದ್ರೆ ಆತ್ತಿಲ್ಯಾ?"

"ಅಪ್ಪಯ್ಯ ಮೂರಡಿ ಫ್ರೇಮ್ ಮಾಡ್ಸದ್ದ್ ಫೋನಿನ ಪಟಕ್ಕಲ್ಲ."

ಅಪ್ಪಯ್ಯನ ಹೆಸರು ಬಂದರೆ ನಾನು ಎದುರು ಮಾತಾಡುವುದಿಲ್ಲ. ನನ್ನ ಮಾವ ಬ್ರಹ್ಮಾವರದ ಕಡೆ ಎತ್ತು, ಕೋಣಗಳ ದಲ್ಲಾಳಿಯಾಗಿದ್ದವರು. ಅವರ ವ್ಯಾಪಾರವೆಲ್ಲ ಬೈರಾಸಿನ ಕೆಳಗೆ. ಬೈರಾಸೆಂದರೆ ಹೆಗಲ ಮೇಲಿನ ವಸ್ತ್ರ, ಅದನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಬೆರಳು ಹಿಡಿದೇ ಬೆಲೆ ಹೇಳುವುದು. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು, ಬೆರಳ ಗಂಟಿನಲ್ಲಿ ಹಿಡಿದರೆ ಅರ್ಧ. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ಬಾಯಲ್ಲಿ ಮಾತ್ರ ಮಳೆ, ಬೆಳೆ, ಮೊಮ್ಮಕ್ಕಳು. ಬೈರಾಸು ಎತ್ತಿದ ಮೇಲೆ ವ್ಯಾಪಾರ ಮುಗಿಯಿತು, ಹಿಂದೆ ಹೋಗುವಂತಿಲ್ಲ. ಹೆಣ್ಣು ನೋಡಲು ಹೋದಾಗ ಅವರು ನನಗೆ ಕಾಫಿ ಕೊಡುವ ಮೊದಲು ಬೈರಾಸು ಹಾಕಿ, ಹಟ್ಟಿಯ ಎತ್ತಿಗೆ ನನ್ನ ಬೆಲೆ ಕೇಳಿದ್ದರು. ನಾನು ಹಿಡಿದ ಬೆರಳು ಅವರಿಗೆ ಹಿಡಿಸಿತು.

ಗಿರಿಜಾ ಆ ಭಾಷೆಯನ್ನು ಅಪ್ಪನ ತೊಡೆಯ ಮೇಲೆ ಕೂತು ಕಲಿತವಳು. ಈಗಲೂ ಯಾವ ಅಂಗಡಿಗೆ ಹೋದರೂ ಅವಳ ಸೆರಗಿನ ಅಂಚು ನನ್ನ ಕೈಯ ಮೇಲೆ ಬೀಳುತ್ತದೆ. ಬಾಯಲ್ಲಿ "ಬಣ್ಣ ಲಾಯ್ಕಿತ್ತಲ್ದಾ?" ಎನ್ನುತ್ತಾಳೆ, ಬೆರಳಲ್ಲಿ "ಮೂರಕ್ಕಿಂತ ಮೇಲೆ ಹೋಗಬೇಡಿ" ಎನ್ನುತ್ತಾಳೆ.

ದೇಶ ಯಾವುದು ಎಂದು ನಾವು ಆರಿಸಲಿಲ್ಲ. ರೇಟು ಆರಿಸಿತು. ಉಡುಪಿಯ ಒಂದು ಟೂರಿನವರಲ್ಲಿ ಯಾರೋ ಗಂಡ ಹೆಂಡತಿ ಕಡೆಯ ಗಳಿಗೆಯಲ್ಲಿ ಬಿಟ್ಟ ಎರಡು ಸೀಟಿದ್ದವು, ಕಿರ್ಗಿಸ್ತಾನಕ್ಕೆ. ಕುದುರೆ, ಹಿಮ, ಸರೋವರ ಎಲ್ಲ ಇದೆ ಎಂದರು. ಬೇರೆಯವರು ಬಿಟ್ಟ ಸೀಟು ಹಿಡಿದೇ ಪ್ರಯಾಣ ಮಾಡಿ ಎಂದು ನಿಮಗೂ ಹೇಳುತ್ತೇನೆ. ದೇಶಗಳೆಲ್ಲ ಸುಮಾರು ಒಂದೇ, ರೇಟು ಬೇರೆ ಬೇರೆ.

ವಿಮಾನದಲ್ಲಿ ಸಾಮಾನಿನ ತೂಕ ಹೆಚ್ಚಾಗುತ್ತದೆಂದು ಲೆನ್ಸನ್ನು ಗಿರಿಜಾಳ ಶಾಲಿನಲ್ಲಿ ಸುತ್ತಿ ಎದೆಗೆ ಅಪ್ಪಿಕೊಂಡು ಹೋದೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಸರಿದು ಜಾಗ ಕೊಟ್ಟು, ಎಷ್ಟು ತಿಂಗಳು ಎಂದು ಕೇಳಿದಳು. ನಾನು, "ಸೆಕೆಂಡ್ ಹ್ಯಾಂಡು, ಗೊತ್ತಿಲ್ಲ" ಎಂದೆ. ಅವಳು ಮತ್ತೆ ನನ್ನ ಹತ್ತಿರ ಬರಲಿಲ್ಲ.

ಅಲ್ಲಿ ನಮಗಾಗಿ ಕಾಯುತ್ತಿದ್ದವನು ನುರ್ಲಾನ್. ಐವತ್ತು ದಾಟಿದ ಆಳು, ತಲೆಯ ಮೇಲೆ ಗೋಪುರದಂಥ ಬಿಳಿ ಟೋಪಿ, ಬಾಯಿ ತುಂಬ ಚಿನ್ನದ ಹಲ್ಲು. ಅವನ ಅತ್ತೆಯ ಮನೆಯಲ್ಲಿ ಡಾಕ್ಟರಿಕೆ ಓದುವ ನಮ್ಮ ದೇಶದ ಹುಡುಗರು ಬಾಡಿಗೆಗಿದ್ದರಂತೆ, ಅವರಿಂದ ಹಿಂದಿ ಕಲಿತಿದ್ದ. ನನ್ನದು ಮುಂಬೈಯ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಕಲಿತ ಹಿಂದಿ. ಎರಡೂ ಹಿಂದಿಗಳು ಚೆನ್ನಾಗಿಯೇ ಹೊಂದಿಕೊಂಡವು. ಟೂರಿನವರ ರೇಟಿನಲ್ಲಿ ಗೈಡು ಸೇರಿರಲಿಲ್ಲ. ನುರ್ಲಾನ್ ದಿನಕ್ಕೆ ಇಷ್ಟು ಸೋಮ್ ಎಂದ. ಸೋಮ್ ಎಂದರೆ ಅಲ್ಲಿನ ದುಡ್ಡು. ನಾನು ಸರಿಯಾಗಿ ಅರ್ಧ ಕೇಳಿ, ಬೆನ್ನು ತಿರುಗಿಸಿ ನಡೆದೆ. ಎರಡನೇ ಹೆಜ್ಜೆಗೇ ಹಿಂದಿನಿಂದ, "ಸರಿ, ಸರಿ" ಎಂಬ ಕೂಗು ಬಂತು. ತಿರುಗಿದೆ. ಚಿನ್ನದ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

"ಥಟ್ಟನೆ ಒಪ್ದ ಕಾಣಿ" ಎಂದು ಗಿರಿಜಾ ಕಿವಿಯಲ್ಲಿ ಹೇಳಿದಳು.

ಮೊದಲ ದಿನ ಒಂದು ಕಣಿವೆಯಲ್ಲಿ ಕಾರು ನಿಲ್ಲಿಸಿದ. "ಇಲ್ಲಿ ಒಬ್ಬ ಕುದುರೆ ಕಳ್ಳನಿದ್ದ. ಖಾನನ ಬಿಳಿ ಕುದುರೆ ಕದ್ದು ಓಡುವಾಗ ಹಿಂದಿನಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ತಿರುಗಿ ನೋಡಿದ" ಎಂದವನೇ ಕಾರು ಹತ್ತಿ ಕೂತ.

"ಯಾರು ಕರೆದದ್ದು?"

"ಅದು ಉಳಿದರ್ಧ. ಪೂರ್ತಿ ರೇಟಿನವರಿಗೆ."

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ. ಮುಂದೆ ಒಂದು ಬಂಡೆ ಬಂತು. "ಇವಳು ಮೊದಲು ಮದುಮಗಳು. ಮದುವೆಯ ಬೆಳಿಗ್ಗೆ ಗುಡಾರದಿಂದ ಹೊರಗೆ ಬಂದು ನೋಡಿದರೆ" ಎಂದು ನಿಲ್ಲಿಸಿದ. ದೊಡ್ಡ ಸರೋವರದ ದಡದಲ್ಲಿ, "ಇದರ ತಳದಲ್ಲಿ ಒಬ್ಬ ಮುದುಕಿ ಒಂದು ಹಂಡೆ ಮುಳುಗಿಸಿಟ್ಟಿದ್ದಾಳೆ. ಅದರೊಳಗೆ ಏನಿದೆ ಎಂದರೆ" ಎಂದು ನಿಲ್ಲಿಸಿ ಬ್ರೆಡ್ಡು ಮುರಿದು ತಿಂದ. ಗುಡ್ಡ ಹತ್ತಿದರೂ ಅರ್ಧಕ್ಕೇ ಕೂತುಬಿಡುತ್ತಿದ್ದ. ಲೋಕದ ಎರಡು ಮೂಲೆಯ ಇಬ್ಬರು ಮನುಷ್ಯರಿಗೆ ಒಂದೇ ಬುದ್ಧಿ ಹೇಗೆ ಬಂತು ಎಂದು ನಾನು ಯೋಚಿಸುತ್ತಿದ್ದೆ. ಗಿರಿಜಾಳಿಗೆ ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. "ಹಂಡೆ ಒಳ್ಗೆ ಎಂತ ಇಪ್ಪುದು?" ಎಂದು ಮಗ್ಗುಲು ಬದಲಿಸುತ್ತಿದ್ದಳು.

ಪಟದ ಕತೆಯೂ ಮುಂದೆ ಹೋಗಲಿಲ್ಲ. ಆ ಲೆನ್ಸಿಗೆ ಹತ್ತಿರವಿದ್ದದ್ದು ಕಾಣುವುದಿಲ್ಲ. ನಾಲ್ಕು ಹೆಜ್ಜೆ ದೂರ ನಿಂತ ಹೆಂಡತಿ ಬರೀ ಮಂಜು. ಹದಿನೈದು ಹೆಜ್ಜೆಗೆ ಒಂದು ಮೂಗುಬೊಟ್ಟು. ಇಬ್ಬರು ಮನುಷ್ಯರು ತಲೆಯಿಂದ ಕಾಲಿನವರೆಗೆ ಹಿಡಿಸಬೇಕಾದರೆ ನಲವತ್ತೈದು ಹೆಜ್ಜೆ ಆಚೆ ಹೋಗಬೇಕು. ಹೋಗಿ ಒತ್ತುವವರು ಯಾರು? ಕ್ಯಾಮೆರಾವನ್ನು ಪರರ ಕೈಗೆ ಕೊಡಬಾರದೆನ್ನುವುದು ನನ್ನ ನಿಯಮ. ಹಾಗಾಗಿ ಐದು ದಿನಗಳಲ್ಲಿ ನನ್ನ ಹತ್ತಿರ ಹಿಮದ ಮೇಲೆ ಗಿರಿಜಾ, ಗುಡಾರದ ಮುಂದೆ ಗಿರಿಜಾ, ಕುದುರೆಯ ಬಾಲದ ಪಕ್ಕ ಗಿರಿಜಾ ಎಂದು ನಾನೂರು ಪಟಗಳಾದವು.

"ಮದ್ವಿ ಆಲ್ಬಮೇ ಮತ್ತೊಂದ್ ಸರ್ತಿ ಆಯ್ತಲ್ದಾ?" ಎಂದಳು. ಮರುದಿನವೊಂದೇ ಉಳಿದಿತ್ತು.

ಆ ಕಡೆಯ ದಿನ ಭಾನುವಾರ. ಬೆಳಿಗ್ಗೆ ಅಲ್ಲಿನ ಜಾನುವಾರು ಸಂತೆಗೆ ಹೋದೆವು. ಬಾಯಿಂದ ಹೊಗೆ ಬರುವ ಚಳಿ. ಕುದುರೆ, ದನ, ಮತ್ತೆ ಹಿಂದೆ ತಲೆದಿಂಬು ಕಟ್ಟಿಕೊಂಡಂಥ ದಪ್ಪ ಬಾಲದ ಕುರಿಗಳು. ಅಲ್ಲಿ ನಾನು ಕಂಡದ್ದನ್ನು ನನ್ನ ಮಾವ ಕಂಡಿದ್ದರೆ ಅಲ್ಲೇ ಮನೆ ಮಾಡುತ್ತಿದ್ದರು. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದಿದ್ದಾರೆ, ದಲ್ಲಾಳಿಯೊಬ್ಬ ಎರಡು ಕೈಗಳನ್ನೂ ಸೇರಿಸಿ ಹಿಡಿದು ಬಾವಿಯ ಪಂಪು ಹೊಡೆದ ಹಾಗೆ ಮೇಲೆ ಕೆಳಗೆ ಕುಲುಕುತ್ತಿದ್ದಾನೆ. ಬೆಲೆ ಒಪ್ಪಿಗೆಯಾಗುವವರೆಗೆ ಬಿಡುವುದಿಲ್ಲ. ನಮ್ಮಲ್ಲಿ ಬೈರಾಸಿನಡಿ ಗುಟ್ಟಿನಲ್ಲಿ ನಡೆಯುವುದು ಅಲ್ಲಿ ಕುಸ್ತಿಯ ಹಾಗೆ ನಡೆಯುತ್ತಿತ್ತು.

ಪಟ ತೆಗೆಯಲು ಹೋದರೆ ಎಲ್ಲರೂ ಹತ್ತಿರ, ಎಲ್ಲ ಮಂಜು. ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾವನ್ನು ಗಿರಿಜಾಳ ಕೊರಳಿಗೆ ಹಾಕಿ, ಅವಳ ಶಾಲು ಕಿತ್ತುಕೊಂಡು ಒಬ್ಬ ಗಡ್ಡದ ಮುದುಕನ ಮುಂದೆ ನಿಂತೆ. ನಮ್ಮ ಊರಿನ ಪದ್ಧತಿ ತೋರಿಸಬೇಕೆಂಬ ಹುಮ್ಮಸ್ಸು, ಬೇರೆ ಏನೂ ಇಲ್ಲ. ಅವನ ಕೈ ಹಿಡಿದು, ಮೇಲೆ ಶಾಲು ಹೊದಿಸಿ, ಎರಡು ಬೆರಳು ಪೂರ್ತಿ, ಒಂದು ಗಂಟಿನವರೆಗೆ ಹಿಡಿದೆ. ಎರಡೂವರೆ. ಯಾವುದರ ಎರಡೂವರೆ ಎಂದು ನನಗೇ ಗೊತ್ತಿರಲಿಲ್ಲ. ಮುದುಕ ಮೊದಲು ಬೆಚ್ಚಿದ, ಆಮೇಲೆ ಕಣ್ಣು ಮಿಟುಕಿಸಿ ಹೋ ಎಂದು ನಕ್ಕ. ಎಲ್ಲಿಂದಲೋ ದಲ್ಲಾಳಿ ಹಾರಿಬಂದು ಶಾಲಿನ ಸಮೇತ ನಮ್ಮ ಕೈಗಳನ್ನು ಹಿಡಿದು ಮೂರು ಸಲ ಕುಲುಕಿ ಚಪ್ಪಾಳೆ ತಟ್ಟಿದ. ಸುತ್ತ ನಿಂತವರೂ ತಟ್ಟಿದರು. ನಾನೂ ತಟ್ಟಿದೆ.

ನುರ್ಲಾನ್ ಹತ್ತಿರ ಬಂದು, "ಅಭಿನಂದನೆ" ಎಂದ. "ಒಳ್ಳೆಯ ಕುರಿ."

"ಯಾವ ಕುರಿ?"

ಮುದುಕ ಅಷ್ಟರಲ್ಲಿ ಹಗ್ಗವನ್ನು ನನ್ನ ಕೈಗೆ ಕೊಟ್ಟಾಗಿತ್ತು. ಹಗ್ಗದ ಆಚೆ ತುದಿಯಲ್ಲಿ ಕಂದು ಬಣ್ಣದ ಕುರಿಯೊಂದು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು.

"ನಂಗೆ ಕುರಿ ಬ್ಯಾಡ ಅಂತ ಹೇಳ್ ಇವ್ರಿಗೆ" ಎಂದು ಗಿರಿಜಾಳ ಕಡೆ ತಿರುಗಿದೆ.

ಅವಳ ಮುಖ ಅವಳ ಅಪ್ಪನ ಮುಖವಾಗಿತ್ತು. "ಶಾಲ್ ಎತ್ತಿಯಾಯ್ತ್. ಅಪ್ಪಯ್ಯನ ಅಳಿಯ ಕೊಟ್ಟ ಕೈ ಹಿಂದ್ ತಕಂಡ ಅಂತ ಹೇಳ್ಸ್ಕಂಬ್ದಾ? ದುಡ್ಡ್ ಕೊಡಿ."

ಕೊಟ್ಟೆ. ಎರಡೂವರೆ ಬೆರಳಿಗೆ ಎಷ್ಟು ಸೊನ್ನೆ ಸೇರಿಸಬೇಕೆಂಬುದನ್ನು ದಲ್ಲಾಳಿಯೇ ತೀರ್ಮಾನಿಸಿದ. ಆಮೇಲೆ ವಿಚಾರಿಸಿದರೆ ಅದು ಅಂದಿನ ಸಂತೆಯ ಸರಿಯಾದ ಬೆಲೆಯಂತೆ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೋಸ ಹೋಗಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಸರಿಯಾದ ಬೆಲೆ ಕೊಟ್ಟು ಕೊಂಡ ವಸ್ತು ಅಲ್ಲಿಯವರೆಗೆ ನನ್ನ ಜೀವಮಾನದಲ್ಲಿ ಅದೊಂದೇ.

ಕಾರಿನ ಹತ್ತಿರ ನುರ್ಲಾನ್ ಬಾಗಿಲಿಗೆ ಅಡ್ಡ ನಿಂತ. "ಅರ್ಧ ರೇಟಿನಲ್ಲಿ ಇಬ್ಬರು ಮನುಷ್ಯರು ಮಾತ್ರ. ಕುರಿಗೆ ಪೂರ್ತಿ ರೇಟು."

ವಾದಿಸುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕುರಿ ಹಿಂದಿನ ಸೀಟಿನಲ್ಲಿ ಗಿರಿಜಾಳ ಪಕ್ಕ ಕೂತು, ಅವಳ ಚೀಲದ ಚಕ್ಕುಲಿ ತಿನ್ನುತ್ತ, ಕಿಟಕಿಯಿಂದ ಮುಖ ಹೊರಗೆ ಹಾಕಿಕೊಂಡು ಬಂತು. ದಾರಿಯಲ್ಲಿ ನುರ್ಲಾನ್ ಅದರ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದ.

"ಏನು ಹೇಳುತ್ತಿದ್ದೀ?"

"ಕತೆ. ಅದರದ್ದು ಪೂರ್ತಿ ರೇಟಲ್ಲವೇ?"

"ಕುರಿಗೆ ಹಂಡೆ ಒಳ್ಗೆ ಎಂತ ಇತ್ತ್ ಅಂತ ಗೊತ್ತಾಯ್ತ್. ನಂಗಿಲ್ಲೆ" ಎಂದು ಗಿರಿಜಾ ಹಲ್ಲು ಕಚ್ಚಿದಳು. ಆದರೂ ಅದಕ್ಕೆ ಲಾಟು ಎಂದು ಹೆಸರಿಟ್ಟಳು, ನಾನು ನೋಡದೆ ಕೊಂಡದ್ದಕ್ಕೆ.

ಮಧ್ಯಾಹ್ನ ಸರೋವರದ ಮೇಲಿನ ಹುಲ್ಲುಗಾವಲಿಗೆ ತಲುಪಿದೆವು. ಹಿಂದೆ ಹಿಮದ ಗುಡ್ಡಗಳು, ಕೆಳಗೆ ನೀಲಿ ನೀರು, ಒಳ್ಳೆಯ ಬಿಸಿಲು. ಸಂಜೆಗೆ ವಿಮಾನದ ಊರಿಗೆ ಹೊರಡಬೇಕು. ಮೂವತ್ತು ವರ್ಷದ ಚೌಕಟ್ಟು, ನನ್ನ ಕಪ್ಪು ಸೂಟ್‌ಕೇಸು, ಎರಡರ ಗತಿಯೂ ಆ ಒಂದು ಗಂಟೆಯಲ್ಲಿತ್ತು.

ನಾನು ಉಪಾಯ ಹುಡುಕಿದ್ದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಒತ್ತಿದ ಹತ್ತು ಸೆಕೆಂಡಿಗೆ ತಾನೇ ತೆಗೆಯುವ ಹಾಗೆ ಮಾಡಿದೆ. ಹತ್ತು ಸೆಕೆಂಡಿನಲ್ಲಿ ನಲವತ್ತೈದು ಹೆಜ್ಜೆ, ಏರು ನೆಲ, ಐವತ್ತೆಂಟು ವರ್ಷ. ಮೊದಲನೇ ಪಟದಲ್ಲಿ ಗಿರಿಜಾ ಮತ್ತು ಓಡುತ್ತಿರುವ ನನ್ನ ಬೆನ್ನು. ಎರಡನೆಯದರಲ್ಲಿ ಗಿರಿಜಾ ಮತ್ತು ನನ್ನ ಒಂದು ಕಾಲು, ಚಪ್ಪಲಿಯಿಲ್ಲದ್ದು. ಮೂರನೆಯ ಸಲ ನಾನು ಬಿದ್ದೆ, ಗಿರಿಜಾ ಎತ್ತಲು ಬಂದಳು, ಪಟದಲ್ಲಿ ಲಾಟು ಒಂದೇ ನಿಂತಿತ್ತು. ಒಂದೊಂದು ರೋಮವೂ ಕಾಣುವಷ್ಟು ಸ್ಪಷ್ಟವಾಗಿ, ಸ್ವಲ್ಪ ನಗುತ್ತ.

ಮೊಣಕಾಲು ಒರೆಸಿಕೊಂಡು ನುರ್ಲಾನ್‌ನ ಮುಂದೆ ನಿಂತೆ. "ನೀನೇ ಒತ್ತು."

"ಫೋಟೋ ತೆಗೆಯುವುದು ಅರ್ಧ ರೇಟಿನಲ್ಲಿ ಬರುವುದಿಲ್ಲ. ಒತ್ತುತ್ತೇನೆ, ಆದರೆ ಪೂರ್ತಿ ರೇಟು ಎಂದು ನೀವು ಹೇಳಬೇಕು. ಆರು ದಿನದ್ದೂ."

"ಆರು ದಿನದ್ದೂ ಹೇಗಪ್ಪ?"

ಅವನು ಕ್ಯಾಮೆರಾದ ಹಿಂದೆ ಹೋಗಿ ನಿಂತ. ನಾವು ನಲವತ್ತೈದು ಹೆಜ್ಜೆ ಏರಿ ಲಾಟುವಿನ ಎರಡು ಬದಿ ನಿಂತೆವು. ಅಲ್ಲಿಂದ ಅವನು ಕೂಗಿದ, "ಏನು ಹೇಳುತ್ತೀರಿ?"

ಆಗ ಲಾಟುವಿನ ಬೆನ್ನ ಮೇಲಿಂದ ಗಿರಿಜಾಳ ಶಾಲು ನನ್ನ ಕೈಯ ಮೇಲೆ ಬಿತ್ತು. ಅವಳು ನನ್ನ ಐದೂ ಬೆರಳು ಹಿಡಿದಳು. ಪೂರ್ತಿ ಕೊಡಿ. ನಾನು ಬಿಡಿಸಿಕೊಂಡು ಅವಳ ಮೂರು ಬೆರಳು ಹಿಡಿದೆ. ಅವಳು ಐದು. ನಾನು ಮೂರೂವರೆ. ಬಾಯಲ್ಲಿ ಅವಳು, "ಗಾಳಿ ಒಳ್ಳೆದಿತ್ತಲ್ದಾ?" ಎಂದಳು. ನಾನು, "ಚಳಿ ಸ್ವಲ್ಪ ಜಾಸ್ತಿ ಆಯ್ತ್" ಎಂದೆ. ಐದು. ನಾಲ್ಕು. ಐದು, ಉಗುರಿನ ಸಮೇತ.

"ಇಷ್ಟ್ ವರ್ಷ ನಾನ್ ಸೂರ್ಯಾಸ್ತದ ಧೂಳ್ ಒರೆಸಿದ್ದ್ ಸಾಕ್" ಎಂದಳು, ಈ ಸಲ ಬಾಯಲ್ಲೇ.

ನನಗೆ ಆ ಕ್ಷಣದಲ್ಲಿ ನೆನಪಾದದ್ದು ಹುರುಳಿಸಾರು. ಅವಳ ಕೈಯನ್ನು ಇಡಿಯಾಗಿ ಹಿಡಿದೆ.

"ದುಡ್ಡ್ ಎಲ್ಲಿತ್ತ್ ಮರಾಯ್ತಿ? ಇಪ್ಪುದ್ ಎಲ್ಲ ಕುರಿಗೆ ಹೋಯ್ತ್" ಎಂದೆ.

"ಕುರಿ ಇತ್ತಲೆ" ಎಂದು ಅವಳು ತಲೆಯೆತ್ತಿ ನಕ್ಕಳು. ಲೆಕ್ಕ ನನಗೂ ಅದೇ ಗಳಿಗೆಗೆ ಹೊಳೆಯಿತು. ಆರು ದಿನ ನಾನು ಚೌಕಾಸಿ ಮಾಡಿ ಉಳಿಸಿದ್ದು ಸರಿಯಾಗಿ ಒಂದು ಕುರಿ. ನಾನು ಬಾಯಿ ತೆರೆದು ಅವಳನ್ನು ನೋಡುತ್ತಿದ್ದೆ. ದೂರದಲ್ಲಿ ಟಕ್ಕೆಂದಿತು. ನುರ್ಲಾನ್ ನಮ್ಮ ಮಾತು ಮುಗಿಯಲು ಕಾದಿರಲಿಲ್ಲ.

ಲಾಟುವನ್ನು ಅವನಿಗೆ ಒಪ್ಪಿಸುವಾಗ ಗಿರಿಜಾ, ಕಡಿಯುವುದಿಲ್ಲ ಎಂದು ಕೈ ಕುಲುಕಿಸಿಕೊಂಡಳು, ಮೂರು ಸಲ. ವಿಮಾನದ ಊರಿಗೆ ಹೋಗುವ ದಾರಿಯಲ್ಲಿ ನುರ್ಲಾನ್ ಗಂಟಲು ಸರಿಮಾಡಿಕೊಂಡು ಉಳಿದರ್ಧಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ಅದು ಅವನ ತಾಯಿ. ಅದಕ್ಕೇ ಕಲ್ಲಾದದ್ದು. ಒಳಗೆ ಬರೀ ಉಪ್ಪು." ಯಾವ ಅರ್ಧ ಯಾವ ಕತೆಗೆ ಎಂದು ನಮ್ಮಿಬ್ಬರಲ್ಲಿ ಈಗಲೂ ಜಗಳವಿದೆ. ಹಂಡೆಯಲ್ಲಿದ್ದದ್ದು ಉಪ್ಪು ಎಂದು ನಾನು. ತಾಯಿ ಎಂದು ಅವಳು.

ಊರಿಗೆ ಬಂದು ತಿಂಗಳಿಗೆ ವಾಟ್ಸಾಪಿನಲ್ಲಿ ಲಾಟುವಿನ ಪಟ ಬಂತು. ಮುಂದಿನ ಅರ್ಧ ಮಾತ್ರ. ಕಡಿದೇಬಿಟ್ಟನೋ ಎಂದು ಗಿರಿಜಾ ಫೋನು ಕಿತ್ತುಕೊಂಡು ನೋಡಿದಳು. "ಪೂರ್ತಿ ರೇಟ್ ಕೊಟ್ಟಿತ್, ಪೂರ್ತಿ ಕುರಿ ತೋರ್ಸ್ ಅಂತ ಬರೀನಿ" ಎಂದು ನನ್ನಿಂದ ಹಿಂದಿಯಲ್ಲಿ ಬರೆಸಿದಳು. ಹತ್ತು ನಿಮಿಷಕ್ಕೆ ಹಿಂದಿನ ಅರ್ಧ ಬಂತು, ತಲೆದಿಂಬಿನ ಸಮೇತ.

ಆ ಹುಲ್ಲುಗಾವಲಿನ ಪಟ ಹೇಗೆ ಬಂದಿದೆ ಎಂದರೆ, ಹಿಮ ಇದೆ, ನೀರು ಇದೆ, ನಾವಿಬ್ಬರೂ ಇದ್ದೇವೆ. ಅವಳು ಗೆದ್ದವಳ ನಗು ನಗುತ್ತಿದ್ದಾಳೆ. ನನ್ನ ಬಾಯಿ ತೆರೆದಿದೆ. ಕ್ಯಾಮೆರಾ ನೋಡುತ್ತಿರುವುದು ಲಾಟು ಮಾತ್ರ. ಆ ಪಟ ಸಿಕ್ಕ ಮೇಲೆ ಲೆನ್ಸಿಗೆ ನಮ್ಮಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಶೀನನೂ ನಮ್ಮ ಹತ್ತಿರದ ಗಾಡಿಗಳಲ್ಲಿ ತಿನ್ನುವುದನ್ನು ಬಿಟ್ಟಿದ್ದ. ಬ್ರಹ್ಮಾವರದವರು ಒಳ್ಳೆಯ ಬೆಲೆ ಹೇಳಿದರು, ಕೊಟ್ಟೆ.

ತೇಗದ ಚೌಕಟ್ಟನ್ನು ಹಿಡಿದುಕೊಂಡು ಇಬ್ಬರೂ ಕುಂದಾಪುರದ ಫ್ರೇಮಿನ ಅಂಗಡಿಗೆ ಹೋದೆವು. ಅಂಗಡಿಯವನು ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವನು, ಕಂಡ ಕೂಡಲೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತ. ಪಟವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ.

"ಪಟ ಲಾಯ್ಕ್ ಬಂದಿತ್ತ್. ಮಧ್ಯದ್ ಕುರಿಯನ್ನ್ ಬೇಕಾರೆ ತೆಗುಕಾತ್ತ್."

"ಕುರಿ ಇರ್ಲಿ" ಎಂದಳು ಗಿರಿಜಾ. "ಜಾಗ ಸಾಲ್ದಿರೆ ಇವ್ರನ್ನ್ ತೆಗಿನಿ."

ಪ್ರಿಂಟು, ಗಾಜು, ಹಿಂದಿನ ಹಲಗೆ ಎಲ್ಲ ಕೂಡಿಸಿ ಅವನೊಂದು ರೇಟು ಹೇಳಿದ. ಹೇಳಿ, ನಾನು ಅರ್ಧ ಕೇಳಿದರೆ ಕೊಡಬೇಕಾದ ಉತ್ತರಕ್ಕೆ ಉಸಿರು ಎಳೆದುಕೊಂಡ.

"ಅಕ್ಕ್" ಎಂದೆ.

ಅವನು ಎಳೆದ ಉಸಿರನ್ನು ಬಿಡಲಿಲ್ಲ. ನಾನು ಕೊಟ್ಟ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಪಟವನ್ನು ಇನ್ನೊಮ್ಮೆ ನೋಡಿದ. ನನ್ನನ್ನು ನೋಡಿದ. ಆಮೇಲೆ ಗಿರಿಜಾಳ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದ.

"ಅಕ್ಕ, ಇವ್ರ್ ಹುಷಾರಿದ್ರಾ?"

"ಹುಷಾರಿದ್ರ್" ಎಂದಳು ಗಿರಿಜಾ. "ನೀವ್ ಬೇಗ ರಸೀದಿ ಬರೀನಿ."

ಅವನು ಅವಸರದಲ್ಲಿ ಬರೆಯತೊಡಗಿದ. ಸೆರಗಿನ ಅಡಿಯಲ್ಲಿ ಅವಳು ನನ್ನ ಐದೂ ಬೆರಳು ಹಿಡಿದಿದ್ದಳು. ರಸೀದಿ ಕೈಗೆ ಬಂದು, ಮಡಚಿ, ಅವಳ ಚೀಲಕ್ಕೆ ಹೋದ ಮೇಲೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹಾಗೇ ನಡೆದೆವು.